ಎಷ್ಟು ತಾಪಮಾನದಲ್ಲಿ? ಎಷ್ಟು ಒತ್ತಡದಲ್ಲಿ? – ರಸಾಯನಶಾಸ್ತ್ರದಲ್ಲಿ ಕೇಳಲೇಬೇಕಾದ ಎರಡು ಪ್ರಶ್ನೆಗಳು



ಕಿರುಪರೀಕ್ಷೆಯ ಉತ್ತರಪತ್ರಿಕೆಗಳನ್ನು ತಿದ್ದುವಾಗ ಮೂರು ಸಂಖ್ಯೆಗಳು ನನಗೆ ಪದೇ ಪದೇ ಎದುರಾಗುತ್ತವೆ: 22.4, 298 ಮತ್ತು 0.0591. ಅನಿಲದ ಲೆಕ್ಕ ಬಂದರೆ 22.4. ಉಷ್ಣಗತಿಶಾಸ್ತ್ರ ಬಂದರೆ 298. ವಿದ್ಯುತ್ ರಸಾಯನಶಾಸ್ತ್ರ ಬಂದರೆ 0.0591. ಪ್ರಶ್ನೆಯಲ್ಲಿ ಕೊಟ್ಟಿರುವ ತಾಪಮಾನ ಏನೇ ಇರಲಿ, ಕೈ ತಾನಾಗಿಯೇ ಇವನ್ನು ಬರೆದುಬಿಡುತ್ತದೆ. ಮೂರೂ ಸರಿಯಾದ ಸಂಖ್ಯೆಗಳೇ. ಆದರೆ ಮೂರಕ್ಕೂ ಒಂದೊಂದು ಷರತ್ತಿದೆ. ಷರತ್ತು ಬದಲಾದರೆ ಸಂಖ್ಯೆಯೂ ಬದಲಾಗುತ್ತದೆ.

ಈ ಲೇಖನದಲ್ಲಿ ನಾನು ಹೇಳಬೇಕೆಂದಿರುವುದು ಇಷ್ಟೇ: ಪ್ರಮಾಣಿತ ಸ್ಥಿತಿ ಎಂಬುದು ಹೋಲಿಕೆಗಾಗಿ ಒಪ್ಪಿಕೊಂಡ ಒಂದು ಗುರುತು; ಕ್ರಿಯೆ ನಡೆಯುವುದು ಅದು ನಿಜವಾಗಿ ಇರುವ ತಾಪಮಾನದಲ್ಲಿ. ಈ ಎರಡನ್ನೂ ಬೇರೆ ಬೇರೆಯಾಗಿ ನೋಡಲು ಕಲಿತವರಿಗೆ ಪಿಯುಸಿಯ ಅರ್ಧ ರಸಾಯನಶಾಸ್ತ್ರ ಸುಲಭವಾಗುತ್ತದೆ. ಮುಂದೆ ಕಾರ್ಖಾನೆಯಲ್ಲೋ ಆಸ್ಪತ್ರೆಯಲ್ಲೋ ಕೆಲಸ ಮಾಡುವವರಿಗೆ ಇದು ಅಂಕಗಳಿಗಿಂತ ದೊಡ್ಡ ವಿಷಯ. ಏಕೆ ಎಂಬುದನ್ನು ಕೊನೆಯ ಭಾಗದಲ್ಲಿ ಹೇಳುತ್ತೇನೆ.

1. ‘ಪ್ರಮಾಣಿತ’ ಎಂದರೇನು?

ಹುಮನಾಬಾದ್ ಸಮುದ್ರಮಟ್ಟದಿಂದ 600 ಮೀಟರಿಗೂ ಹೆಚ್ಚು ಎತ್ತರದಲ್ಲಿದೆ. ನಮ್ಮ ಜಿಲ್ಲೆಯಲ್ಲಿ ಸಮುದ್ರವಿಲ್ಲ. ನಿಮ್ಮಲ್ಲಿ ಕೆಲವರು ಸಮುದ್ರವನ್ನು ಕಣ್ಣಾರೆ ಕಂಡಿರಲಿಕ್ಕೂ ಇಲ್ಲ. ಆದರೂ ಊರಿನ ಎತ್ತರವನ್ನು ಸಮುದ್ರಮಟ್ಟದಿಂದಲೇ ಅಳೆಯುತ್ತೇವೆ. ಹುಮನಾಬಾದ್, ಬಸವಕಲ್ಯಾಣ, ಬೀದರ್, ಬೆಂಗಳೂರು ಎಲ್ಲವನ್ನೂ ಹೋಲಿಸಬೇಕಾದರೆ ಎಲ್ಲರೂ ಒಪ್ಪುವ ಒಂದು ಮಟ್ಟ ಬೇಕು. ಪ್ರಮಾಣಿತ ಸ್ಥಿತಿಯೂ ಅಂಥದ್ದೇ ಮಟ್ಟ.

ಗೊಂದಲ ಹುಟ್ಟುವುದು ‘ಪ್ರಮಾಣಿತ’ ಎಂಬ ಒಂದೇ ಪದವನ್ನು ಮೂರು ಕಡೆ ಬಳಸುವುದರಿಂದ. ಅವನ್ನು ಬಿಡಿಸಿ ನೋಡೋಣ.

ಮೊದಲನೆಯದು ಎಸ್‌ಟಿಪಿ, ಅಂದರೆ ಅನಿಲಗಳಿಗಾಗಿ ಇರುವ ಪ್ರಮಾಣಿತ ತಾಪಮಾನ ಮತ್ತು ಒತ್ತಡ. ತಾಪಮಾನ 0 ಡಿಗ್ರಿ ಸೆಲ್ಸಿಯಸ್, ಅಂದರೆ 273.15 ಕೆಲ್ವಿನ್. ಒತ್ತಡ ಹಿಂದೆ 1 ಅಟ್ಮಾಸ್ಫಿಯರ್ ಇತ್ತು. 1982ರಲ್ಲಿ ಐಯುಪಿಎಸಿ ಎಂಬ ಅಂತರರಾಷ್ಟ್ರೀಯ ಸಂಸ್ಥೆ ಅದನ್ನು 1 ಬಾರ್‌ಗೆ ಬದಲಿಸಿತು. 1 ಅಟ್ಮಾಸ್ಫಿಯರ್ ಎಂದರೆ 1.01325 ಬಾರ್. ವ್ಯತ್ಯಾಸ ಸಣ್ಣದು, ಆದರೆ ಲೆಕ್ಕದಲ್ಲಿ ಕಾಣಿಸುತ್ತದೆ. ಹಳೆಯ ಒತ್ತಡಕ್ಕೆ ಒಂದು ಮೋಲ್ ಆದರ್ಶ ಅನಿಲದ ಗಾತ್ರ 22.4 ಲೀಟರ್, ಹೊಸದಕ್ಕೆ 22.7 ಲೀಟರ್. ಪ್ರಶ್ನೆಯಲ್ಲಿ ‘1 ಅಟ್ಮಾಸ್ಫಿಯರ್’ ಎಂದಿದ್ದರೆ 22.4, ‘1 ಬಾರ್’ ಎಂದಿದ್ದರೆ 22.7. ನೀಟ್ ಮತ್ತು ಸಿಇಟಿ ಬರೆಯುವವರು ಇದನ್ನು ಗೆರೆ ಎಳೆದು ಗುರುತು ಮಾಡಿಕೊಳ್ಳಿ.

ಎರಡನೆಯದು ಪ್ರಮಾಣಿತ ಸ್ಥಿತಿ. ಡೆಲ್ಟಾ ಎಚ್, ಡೆಲ್ಟಾ ಜಿ ಮತ್ತು ಎಲೆಕ್ಟ್ರೋಡ್ ವಿಭವಗಳ ತಲೆಯ ಮೇಲೆ ಸಣ್ಣ ಸೊನ್ನೆ ಹಾಕಿರುತ್ತಾರಲ್ಲ, ಅದು ಹೇಳುವುದು ಇದನ್ನೇ. ಅನಿಲವಾದರೆ 1 ಬಾರ್ ಒತ್ತಡದಲ್ಲಿರಬೇಕು, ಘನ ಅಥವಾ ದ್ರವವಾದರೆ 1 ಬಾರ್‌ನಲ್ಲಿ ಶುದ್ಧವಾಗಿರಬೇಕು, ದ್ರಾವಣವಾದರೆ ಸಾರತೆ 1 ಮೋಲಾರ್ ಇರಬೇಕು. ಗಮನಿಸಿ, ಈ ವ್ಯಾಖ್ಯೆಯೊಳಗೆ ತಾಪಮಾನವೇ ಇಲ್ಲ! ಯಾವ ತಾಪಮಾನಕ್ಕೆ ಬೇಕಾದರೂ ಪ್ರಮಾಣಿತ ಸ್ಥಿತಿಯ ಮೌಲ್ಯ ಇರಬಹುದು. 1000 ಕೆಲ್ವಿನ್‌ಗೂ ಒಂದು ಡೆಲ್ಟಾ ಜಿ ನಾಟ್ ಇದೆ. ಪುಸ್ತಕದ ಕೋಷ್ಟಕಗಳು 298.15 ಕೆಲ್ವಿನ್, ಅಂದರೆ 25 ಡಿಗ್ರಿಗೆ ಇರುವುದು ಒಂದು ರೂಢಿ ಮಾತ್ರ.

ಮೂರನೆಯದು ಕೊಠಡಿಯ ಸ್ಥಿತಿಗೆ ಹತ್ತಿರವಿರಲೆಂದು ಇಟ್ಟುಕೊಂಡಿರುವ ಎಸ್‌ಎಟಿಪಿ: 25 ಡಿಗ್ರಿ, 1 ಬಾರ್. ಇಲ್ಲಿ ಒಂದು ಮೋಲ್ ಆದರ್ಶ ಅನಿಲದ ಗಾತ್ರ 24.8 ಲೀಟರ್.

2. ನಮ್ಮ ಪ್ರಯೋಗಾಲಯ ಎಲ್ಲಿದೆ?

ಈಗ ಪುಸ್ತಕ ಬಿಟ್ಟು ನಮ್ಮ ಊರಿನ ಗಾಳಿಯನ್ನೇ ತೆಗೆದುಕೊಳ್ಳೋಣ. ಎತ್ತರಕ್ಕೆ ಹೋದಂತೆ ವಾಯುವಿನ ಒತ್ತಡ ಕಡಿಮೆಯಾಗುತ್ತದೆ. ನಮ್ಮ ಎತ್ತರದಲ್ಲಿ ಅದು ಸುಮಾರು 0.94 ಬಾರ್. ಮೊಬೈಲಿನ ಹವಾಮಾನ ಆ್ಯಪ್ ನೋಡಿ, ‘ಸರ್, ಇಲ್ಲಿ 1 ಬಾರ್‌ಗಿಂತ ಹೆಚ್ಚು ತೋರಿಸುತ್ತಿದೆ’ ಎಂದು ನೀವು ಹೇಳಬಹುದು. ಹವಾಮಾನ ವರದಿಗಳಲ್ಲಿ ಒತ್ತಡವನ್ನು ಸಮುದ್ರಮಟ್ಟಕ್ಕೆ ಸರಿಹೊಂದಿಸಿ ಕೊಡುವುದು ವಾಡಿಕೆ. ನಮ್ಮ ಟೇಬಲ್ ಮೇಲಿರುವ ನಿಜವಾದ ಒತ್ತಡ ಅದಕ್ಕಿಂತ ಕಡಿಮೆ. ಇದೇ ಕಾರಣಕ್ಕೆ ಇಲ್ಲಿ ನೀರು 100ಕ್ಕೆ ಬದಲಾಗಿ ಸುಮಾರು 98 ಡಿಗ್ರಿಗೇ ಕುದಿಯುತ್ತದೆ.

ತಾಪಮಾನವೂ ಒಂದೇ ಕಡೆ ನಿಲ್ಲುವುದಿಲ್ಲ. ಡಿಸೆಂಬರ್ ತಿಂಗಳ ಥಂಡಿಯ ಮುಂಜಾನೆ 15 ಡಿಗ್ರಿ ಇದ್ದರೆ, ಬೇಸಿಗೆಯ ಮಧ್ಯಾಹ್ನ 40 ದಾಟುತ್ತದೆ. ಪಿ ವಿ = ಎನ್ ಆರ್ ಟಿ ಸಮೀಕರಣದಲ್ಲಿ ಇವನ್ನು ಇಟ್ಟು ನೋಡಿ. ಆರ್‌ನ ಬೆಲೆ 0.0831 ಲೀಟರ್ ಬಾರ್ ಪ್ರತಿ ಕೆಲ್ವಿನ್ ಪ್ರತಿ ಮೋಲ್.

15 ಡಿಗ್ರಿ, 0.94 ಬಾರ್: ಒಂದು ಮೋಲ್ ಅನಿಲಕ್ಕೆ 25.5 ಲೀಟರ್.
40 ಡಿಗ್ರಿ, 0.94 ಬಾರ್: ಒಂದು ಮೋಲ್ ಅನಿಲಕ್ಕೆ 27.7 ಲೀಟರ್.

ಎಸ್‌ಟಿಪಿಯ 22.7 ಎಲ್ಲಿ, ನಮ್ಮ ಬೇಸಿಗೆಯ 27.7 ಎಲ್ಲಿ! ಒಂದು ಮೋಲ್‌ಗೆ ಪೂರ್ತಿ ಐದು ಲೀಟರ್ ವ್ಯತ್ಯಾಸ.

ಒಂದು ಪ್ರಯೋಗ ನೋಡೋಣ. 0.654 ಗ್ರಾಂ ಸತುವನ್ನು ಸಾರರಿಕ್ತ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಪೂರ್ತಿ ಕರಗಿಸಿದರೆ 0.01 ಮೋಲ್ ಹೈಡ್ರೋಜನ್ ಬರುತ್ತದೆ. ಎಸ್‌ಟಿಪಿಯಲ್ಲಿ ಅದು 227 ಮಿಲಿಲೀಟರ್. ನಮ್ಮಲ್ಲಿ 40 ಡಿಗ್ರಿಯಲ್ಲಿ ಒಣ ಅನಿಲವಾದರೆ 277 ಮಿಲಿಲೀಟರ್. ನೀರಿನ ಮೇಲೆ ಸಂಗ್ರಹಿಸಿದರೆ ಜಾಡಿಯೊಳಗೆ ನೀರಾವಿಯೂ ಸೇರುತ್ತದೆ. 40 ಡಿಗ್ರಿಯಲ್ಲಿ ಅದರ ಪಾಲು ಸುಮಾರು 0.074 ಬಾರ್. ಹೈಡ್ರೋಜನ್‌ಗೆ ಉಳಿಯುವುದು 0.866 ಬಾರ್. ಆಗ ಜಾಡಿಯಲ್ಲಿ ಕಾಣುವ ಗಾತ್ರ ಸುಮಾರು 300 ಮಿಲಿಲೀಟರ್. ‘ಪುಸ್ತಕದಲ್ಲಿ 227, ನಮಗೆ 300 ಬಂತು, ಪ್ರಯೋಗ ತಪ್ಪಾಯಿತು’ ಎಂದು ಯಾರೂ ಬೇಸರಪಡಬೇಕಾಗಿಲ್ಲ. ಜಾಡಿಯಲ್ಲಿರುವ ಹೈಡ್ರೋಜನ್ ಅಷ್ಟೇ ಇದೆ, ಪರಿಸ್ಥಿತಿ ಬೇರೆ ಇದೆ. ರೆಕಾರ್ಡ್ ಪುಸ್ತಕದಲ್ಲಿ ಗಾತ್ರದ ಪಕ್ಕದಲ್ಲೇ ತಾಪಮಾನ ಮತ್ತು ಒತ್ತಡವನ್ನು ಬರೆಯಿರಿ ಎಂದು ನಾನು ಹಟ ಹಿಡಿಯುವುದು ಇದಕ್ಕೇ. ಆ ಎರಡು ಸಂಖ್ಯೆಗಳಿಲ್ಲದ ಗಾತ್ರಕ್ಕೆ ಅರ್ಥವೇ ಇಲ್ಲ.

3. ತಾಪಮಾನದ ಮೊದಲ ಕೆಲಸ: ವೇಗ

ತಾಪಮಾನ ರಾಸಾಯನಿಕ ಕ್ರಿಯೆಯಲ್ಲಿ ಎರಡು ಬೇರೆ ಬೇರೆ ಕೆಲಸಗಳನ್ನು ಮಾಡುತ್ತದೆ. ಒಂದು, ಕ್ರಿಯೆ ಎಷ್ಟು ಬೇಗ ನಡೆಯಬೇಕೆಂದು ತೀರ್ಮಾನಿಸುವುದು. ಇನ್ನೊಂದು, ಕ್ರಿಯೆ ಎಲ್ಲಿಯವರೆಗೆ ಹೋಗಿ ನಿಲ್ಲಬೇಕೆಂದು ತೀರ್ಮಾನಿಸುವುದು. ಇವನ್ನು ಕಲಸಿಹಾಕಬಾರದು. ಮೊದಲು ವೇಗ.

ಅಣುಗಳು ಡಿಕ್ಕಿ ಹೊಡೆದ ಮಾತ್ರಕ್ಕೆ ಕ್ರಿಯೆ ನಡೆಯುವುದಿಲ್ಲ. ದಾಟಲೇಬೇಕಾದ ಶಕ್ತಿಯ ಒಂದು ಹೊಸ್ತಿಲು ಇರುತ್ತದೆ. ಅದನ್ನೇ ಆಕ್ಟಿವೇಷನ್ ಎನರ್ಜಿ ಎನ್ನುತ್ತೇವೆ. 1889ರಲ್ಲಿ ಸ್ವೀಡನ್ನಿನ ಸ್ವಾಂಟೆ ಅರ್ಹೇನಿಯಸ್ ಈ ವಿಚಾರವನ್ನಿಟ್ಟುಕೊಂಡು ತಾಪಮಾನಕ್ಕೂ ವೇಗಕ್ಕೂ ಇರುವ ಸಂಬಂಧವನ್ನು ವಿವರಿಸಿದರು. ನೀವು ದ್ವಿತೀಯ ಪಿಯುಸಿಯಲ್ಲಿ ಓದುವ ಅರ್ಹೇನಿಯಸ್ ಸಮೀಕರಣ ಅವರ ಹೆಸರಿನದೇ.

ಹತ್ತು ಡಿಗ್ರಿ ಹೆಚ್ಚಿಸಿದರೆ ವೇಗ ಹೆಚ್ಚುಕಡಿಮೆ ದುಪ್ಪಟ್ಟಾಗುತ್ತದೆ ಎಂಬ ಸ್ಥೂಲ ನಿಯಮ ನಿಮಗೆ ಗೊತ್ತು. ಇಲ್ಲಿ ಒಂದು ಒಳ್ಳೆಯ ಪ್ರಶ್ನೆ ಹುಟ್ಟಬೇಕು. 298 ಕೆಲ್ವಿನ್‌ನಿಂದ 308ಕ್ಕೆ ಹೋದರೆ ಅಣುಗಳ ಸರಾಸರಿ ಚಲನಶಕ್ತಿ ಹೆಚ್ಚುವುದು ಬರೀ ಶೇಕಡಾ 3ರಷ್ಟು. ಶಕ್ತಿ ಶೇಕಡಾ 3ರಷ್ಟು ಹೆಚ್ಚಿದರೆ ವೇಗ ಶೇಕಡಾ 100ರಷ್ಟು ಹೆಚ್ಚುವುದು ಹೇಗೆ?

ಉತ್ತರವನ್ನು ನಿಮ್ಮದೇ ಅಂಕಪಟ್ಟಿಯಲ್ಲಿ ಹುಡುಕೋಣ. ಒಂದು ತರಗತಿಯ ಸರಾಸರಿ ಅಂಕ 60 ಎಂದುಕೊಳ್ಳಿ. 95ಕ್ಕಿಂತ ಹೆಚ್ಚು ಪಡೆದವರು ಇಬ್ಬರೇ. ಮುಂದಿನ ಪರೀಕ್ಷೆಯಲ್ಲಿ ಎಲ್ಲರೂ ಎರಡು ಅಂಕ ಹೆಚ್ಚು ತೆಗೆದರು. ಸರಾಸರಿ 62 ಆಯಿತು, ಯಾರ ಕಣ್ಣಿಗೂ ಬೀಳದಷ್ಟು ಸಣ್ಣ ಬದಲಾವಣೆ. ಆದರೆ 94 ಮತ್ತು 95ರಲ್ಲಿ ನಿಂತಿದ್ದ ಇಬ್ಬರು ಗೆರೆ ದಾಟಿ, 95ಕ್ಕಿಂತ ಮೇಲಿರುವವರು ನಾಲ್ವರಾದರು. ಅದು ದುಪ್ಪಟ್ಟು! ಅಣುಗಳಲ್ಲೂ ಹೀಗೆಯೇ. ಹೊಸ್ತಿಲು ಬಹಳ ಎತ್ತರದಲ್ಲಿರುವುದರಿಂದ ಅದನ್ನು ದಾಟುವವರು ಯಾವಾಗಲೂ ಕೆಲವೇ ಕೆಲವರು. ಸರಾಸರಿ ತುಸು ಏರಿದರೂ ಆ ಕೆಲವರ ಸಂಖ್ಯೆ ಬಹಳ ಏರುತ್ತದೆ.

ದುಪ್ಪಟ್ಟಿನ ನಿಯಮ ಎಲ್ಲ ಕ್ರಿಯೆಗಳಿಗೂ ನಿಖರವಲ್ಲ. ಆಕ್ಟಿವೇಷನ್ ಎನರ್ಜಿ ಸುಮಾರು 53 ಕಿಲೋಜೌಲ್ ಇದ್ದಾಗ ಮಾತ್ರ 298ರಿಂದ 308 ಕೆಲ್ವಿನ್‌ಗೆ ವೇಗ ಸರಿಯಾಗಿ ಎರಡು ಪಟ್ಟಾಗುತ್ತದೆ. ಹೊಸ್ತಿಲು ಹೆಚ್ಚಾದರೆ ತಾಪಮಾನದ ಪ್ರಭಾವವೂ ಹೆಚ್ಚು. ಇದೇ 53 ಕಿಲೋಜೌಲಿನ ಕ್ರಿಯೆಯನ್ನು ನಮ್ಮ ಡಿಸೆಂಬರಿನ 15 ಡಿಗ್ರಿಯಲ್ಲಿ ಒಮ್ಮೆ, ಬೇಸಿಗೆಯ 40 ಡಿಗ್ರಿಯಲ್ಲಿ ಒಮ್ಮೆ ಮಾಡಿದರೆ ವೇಗ ಸುಮಾರು ಆರು ಪಟ್ಟು ಬೇರೆಯಾಗುತ್ತದೆ. ಸೋಡಿಯಂ ಥಯೋಸಲ್ಫೇಟ್ ಮತ್ತು ಹೈಡ್ರೋಕ್ಲೋರಿಕ್ ಆಮ್ಲದ ಪ್ರಯೋಗದಲ್ಲಿ ಫ್ಲಾಸ್ಕಿನ ಕೆಳಗಿನ ಕ್ರಾಸ್ ಗುರುತು ಮರೆಯಾಗುವ ಸಮಯವನ್ನು ಅಳೆಯುತ್ತೀರಿ. ಚಳಿಗಾಲದ ಬ್ಯಾಚಿನ ಸಮಯವನ್ನು ಸೆಕೆಯ ದಿನ ಮಾಡಿದ ಬ್ಯಾಚಿನವರು ನಕಲು ಮಾಡಿದರೆ ನನಗೆ ಗೊತ್ತಾಗುವುದು ಹೀಗೆ!

ಅಡುಗೆಮನೆಗೆ ಬನ್ನಿ. ತೆರೆದ ಪಾತ್ರೆಯಲ್ಲಿ ತೊಗರಿಬೇಳೆ ಬೇಯುವುದು ಸುಮಾರು 98 ಡಿಗ್ರಿಯಲ್ಲಿ. ಬೆಂಕಿ ಎಷ್ಟೇ ಜೋರು ಮಾಡಿದರೂ ಕುದಿಯುವ ನೀರು ಅದರ ಮೇಲೆ ಏರುವುದಿಲ್ಲ, ಬೇಗ ಆರುತ್ತದೆ ಅಷ್ಟೇ. ಕುಕ್ಕರಿನೊಳಗೆ ಒತ್ತಡ ಹೆಚ್ಚಿ ನೀರು ಸುಮಾರು 120 ಡಿಗ್ರಿಗೆ ಕುದಿಯುತ್ತದೆ. ಅದಕ್ಕೇ ಬೇಳೆ ಕೆಲವು ಸೀಟಿಗಳಲ್ಲಿ ಬೆಂದುಬಿಡುತ್ತದೆ. ರಂಜಾನ್ ತಿಂಗಳಲ್ಲಿ ಹಲೀಮ್ ಮಾಡುವವರು ಇದರ ಇನ್ನೊಂದು ತುದಿಯನ್ನು ಬಲ್ಲರು: ಸಣ್ಣ ಉರಿ, ತಾಸುಗಟ್ಟಲೆ ಸಮಯ. ತಾಪಮಾನ ಕಡಿಮೆಯಿದ್ದರೆ ಸಮಯ ಹೆಚ್ಚು ಕೊಡಬೇಕು. ಅರ್ಹೇನಿಯಸ್ ಹೇಳಿದ್ದೂ ಇದನ್ನೇ.

4. ತಾಪಮಾನದ ಎರಡನೆಯ ಕೆಲಸ: ದಿಕ್ಕು

ನಮ್ಮ ಭಾಗದ ಮನೆಗಳ ನೆಲಕ್ಕೆ ಶಹಾಬಾದ್ ಕಲ್ಲು ಹಾಸುತ್ತಾರೆ. ಅದು ಸುಣ್ಣಕಲ್ಲು, ಅದರಲ್ಲಿ ಹೆಚ್ಚಿನ ಪಾಲು ಕ್ಯಾಲ್ಸಿಯಂ ಕಾರ್ಬೊನೇಟ್. ನಮ್ಮ ನೆರೆಯ ಕಲಬುರಗಿ ಜಿಲ್ಲೆಯ ಸುಣ್ಣಕಲ್ಲನ್ನೇ ನಂಬಿ ವಾಡಿ, ಸೇಡಂ ಕಡೆ ಸಿಮೆಂಟ್ ಕಾರ್ಖಾನೆಗಳು ನಿಂತಿವೆ. ಅಂಗಳದ ಕಲ್ಲು ನೂರು ಬೇಸಿಗೆ ಕಂಡರೂ ಸುಣ್ಣವಾಗುವುದಿಲ್ಲ. ಅದೇ ಬಗೆಯ ಕಲ್ಲು ಗೂಡಿನೊಳಗೆ ಹೋದರೆ ಕಾರ್ಬನ್ ಡೈಆಕ್ಸೈಡ್ ಬಿಟ್ಟುಕೊಟ್ಟು ಸುಟ್ಟ ಸುಣ್ಣವಾಗುತ್ತದೆ. ಏಕೆ?

ಗಿಬ್ಸ್ ಸಮೀಕರಣ ಹೇಳುತ್ತದೆ: ಡೆಲ್ಟಾ ಜಿ ನಾಟ್ = ಡೆಲ್ಟಾ ಎಚ್ ನಾಟ್ – ಟಿ × ಡೆಲ್ಟಾ ಎಸ್ ನಾಟ್. ಈ ಕ್ರಿಯೆಗೆ ಡೆಲ್ಟಾ ಎಚ್ ಸುಮಾರು +178 ಕಿಲೋಜೌಲ್, ಡೆಲ್ಟಾ ಎಸ್ ಸುಮಾರು +160 ಜೌಲ್ ಪ್ರತಿ ಕೆಲ್ವಿನ್. 25 ಡಿಗ್ರಿಯಲ್ಲಿ ಡೆಲ್ಟಾ ಜಿ ಸುಮಾರು +130 ಕಿಲೋಜೌಲ್. ಬೇಸಿಗೆಯ 40 ಡಿಗ್ರಿಯಲ್ಲಿ +128. ನಮಗೆ ಮೈ ಸುಡುವ ಬಿಸಿಲು, ಕಲ್ಲಿಗೆ ಎರಡೇ ಕಿಲೋಜೌಲಿನ ಲೆಕ್ಕ! ಡೆಲ್ಟಾ ಜಿ ಸೊನ್ನೆಗೆ ಇಳಿಯಬೇಕಾದರೆ ತಾಪಮಾನ ಸುಮಾರು 1110 ಕೆಲ್ವಿನ್ ಮುಟ್ಟಬೇಕು, ಅಂದರೆ 840 ಡಿಗ್ರಿಯ ಆಸುಪಾಸು. ಅಲ್ಲಿಂದ ಮುಂದೆ ಪ್ರಮಾಣಿತ ಒತ್ತಡದಲ್ಲೂ ಕಲ್ಲು ತಾನಾಗಿ ಒಡೆಯುತ್ತದೆ. ಇಲ್ಲಿ ತಾಪಮಾನ ಕ್ರಿಯೆಯ ದಿಕ್ಕನ್ನೇ ಬದಲಿಸಿತು.

ಈಗ ಇದಕ್ಕೆ ವಿರುದ್ಧವಾದ ಉದಾಹರಣೆ. ನೈಟ್ರೋಜನ್ ಮತ್ತು ಹೈಡ್ರೋಜನ್ ಸೇರಿ ಅಮೋನಿಯಾ ಆಗುವುದು ಬಹಿರುಷ್ಣಕ ಕ್ರಿಯೆ. ಎರಡು ಮೋಲ್ ಅಮೋನಿಯಾಗೆ ಡೆಲ್ಟಾ ಎಚ್ ಸುಮಾರು –92 ಕಿಲೋಜೌಲ್. 25 ಡಿಗ್ರಿಯಲ್ಲಿ ಡೆಲ್ಟಾ ಜಿ ನಾಟ್ –33 ಕಿಲೋಜೌಲ್. ಕೋಷ್ಟಕ ನೋಡಿದರೆ ಕೊಠಡಿಯ ತಾಪಮಾನದಲ್ಲೇ ಅಮೋನಿಯಾ ಧಾರಾಳವಾಗಿ ಆಗಬೇಕು. ಆದರೆ ಎರಡೂ ಅನಿಲಗಳನ್ನು ಬೆರೆಸಿ ವರ್ಷಗಟ್ಟಲೆ ಇಟ್ಟರೂ ಅಮೋನಿಯಾದ ವಾಸನೆಯೂ ಬರುವುದಿಲ್ಲ. ದಿಕ್ಕು ಅನುಕೂಲವಾಗಿದೆ, ವೇಗ ಇಲ್ಲ. ನೈಟ್ರೋಜನ್ ಅಣುವಿನ ತ್ರಿಬಂಧ ಅಷ್ಟು ಗಟ್ಟಿ.

ವೇಗಕ್ಕಾಗಿ ಬಿಸಿ ಮಾಡೋಣವೆಂದರೆ ದಿಕ್ಕು ಕೈಕೊಡುತ್ತದೆ. ಲೆ ಶಾಟಲಿಯೇ ತತ್ವದ ಪ್ರಕಾರ ಬಹಿರುಷ್ಣಕ ಕ್ರಿಯೆಯ ಸಮತೋಲನ ಬಿಸಿಯಾದಂತೆ ಹಿಂದಕ್ಕೆ ಸರಿಯುತ್ತದೆ. ಸುಮಾರು 190 ಡಿಗ್ರಿ ದಾಟಿದರೆ ಡೆಲ್ಟಾ ಜಿ ನಾಟ್ ಧನಾತ್ಮಕವಾಗಿಬಿಡುತ್ತದೆ. ಹಾಗಿದ್ದರೂ ಕಾರ್ಖಾನೆಗಳು ಈ ಕ್ರಿಯೆಯನ್ನು 450 ಡಿಗ್ರಿಯ ಆಸುಪಾಸಿನಲ್ಲಿ ನಡೆಸುತ್ತವೆ! ಹೇಗೆ? ಅವು 1 ಬಾರ್‌ನಲ್ಲಿ ಕೆಲಸ ಮಾಡುವುದಿಲ್ಲ, 200 ಅಟ್ಮಾಸ್ಫಿಯರ್‌ನಷ್ಟು ಒತ್ತಡ ಹಾಕುತ್ತವೆ. ಕಬ್ಬಿಣದ ಕ್ರಿಯಾವರ್ಧಕ ಬಳಸುತ್ತವೆ. ಉಂಟಾದ ಅಮೋನಿಯಾವನ್ನು ತಂಪು ಮಾಡಿ ತೆಗೆಯುತ್ತಾ, ಉಳಿದ ಅನಿಲವನ್ನು ಮತ್ತೆ ಒಳಗೆ ಬಿಡುತ್ತವೆ. ಫ್ರಿಟ್ಸ್ ಹೇಬರ್ ಪ್ರಯೋಗಾಲಯದಲ್ಲಿ ತೋರಿಸಿದ್ದನ್ನು ಕಾರ್ಲ್ ಬಾಷ್ ಕಾರ್ಖಾನೆಯ ಮಟ್ಟಕ್ಕೆ ತಂದರು. 1913ರಲ್ಲಿ ಜರ್ಮನಿಯ ಒಪ್ಪಾವಿನಲ್ಲಿ ಉತ್ಪಾದನೆ ಶುರುವಾಯಿತು. ಇಂದು ನಮ್ಮ ಹೊಲಗಳಿಗೆ ಬರುವ ಯೂರಿಯಾ ಚೀಲದ ಹಿಂದೆ ಈ ಹೊಂದಾಣಿಕೆಯ ತಾಪಮಾನವಿದೆ: ವೇಗಕ್ಕೆ ಸಾಕಾಗುವಷ್ಟು ಬಿಸಿ, ಸಮತೋಲನ ಕೆಡದಷ್ಟು ಮಿತಿ.

ಇಲ್ಲಿ ನೆನಪಿಡಬೇಕಾದ ಪಾಠ ಎರಡು. ಮೊದಲನೆಯದು, ಡೆಲ್ಟಾ ಜಿ ಋಣಾತ್ಮಕವಾಗಿದ್ದರೆ ಕ್ರಿಯೆ ‘ಆಗಬಹುದು’ ಎಂದರ್ಥ. ‘ಈಗಲೇ ಆಗುತ್ತದೆ’ ಎಂದಲ್ಲ. ವಜ್ರ ಗ್ರಾಫೈಟ್ ಆಗುವ ಕ್ರಿಯೆಗೂ 25 ಡಿಗ್ರಿಯಲ್ಲಿ ಡೆಲ್ಟಾ ಜಿ ನಾಟ್ ಸುಮಾರು –2.9 ಕಿಲೋಜೌಲ್, ಗೋಲ್ಕೊಂಡದ ವಜ್ರಗಳು ಶತಮಾನಗಳ ನಂತರವೂ ವಜ್ರಗಳಾಗಿಯೇ ಇವೆ. ಎರಡನೆಯದು, ಒತ್ತಡ ಅಥವಾ ಸಾರತೆ ಪ್ರಮಾಣಿತವಲ್ಲದಿದ್ದರೆ ಡೆಲ್ಟಾ ಜಿ ನಾಟ್ ಸಾಲದು, ಅದಕ್ಕೆ ಆರ್ ಟಿ ಲಾಗ್ ಕ್ಯೂ ಪದವನ್ನೂ ಕೂಡಿಸಬೇಕು. ಇಲ್ಲಿ ಲಾಗ್ ಎಂದರೆ ನ್ಯಾಚುರಲ್ ಲಾಗ್.

5. ಹೆಚ್ಚು ಬಿಸಿ ಎಂದರೆ ಒಳ್ಳೆಯದು ಎಂದಲ್ಲ

ಬಯಸಿದ ಕ್ರಿಯೆಯ ಜೊತೆಗೆ ಬೇಡದ ಕ್ರಿಯೆಯೂ ಬಿಸಿಯಲ್ಲಿ ವೇಗ ಪಡೆಯುತ್ತದೆ. ಕಬ್ಬಿನ ಹಾಲನ್ನು ತೆರೆದ ಕೊಪ್ಪರಿಗೆಯಲ್ಲಿ ಕುದಿಸಿದರೆ ನೀರು ಆರುತ್ತಾ ಹೋದಂತೆ ತಾಪಮಾನ 100 ದಾಟಿ ಏರುತ್ತದೆ, ಸಕ್ಕರೆ ಸ್ವಲ್ಪ ಒಡೆದು ಕಂದುಬಣ್ಣ ಬರುತ್ತದೆ. ಬೆಲ್ಲಕ್ಕೆ ಆ ಬಣ್ಣ, ಆ ರುಚಿ ಬೇಕು. ಬಿಳಿ ಸಕ್ಕರೆಗೆ ಬೇಡ. ಆದ್ದರಿಂದ ಸಕ್ಕರೆ ಕಾರ್ಖಾನೆಗಳಲ್ಲಿ ಗಾಳಿ ತೆಗೆದು ಒತ್ತಡ ಇಳಿಸಿದ ಪಾತ್ರೆಯಲ್ಲಿ 60-70 ಡಿಗ್ರಿಗೇ ರಸವನ್ನು ಕುದಿಸಿ ಹರಳು ಕಟ್ಟಿಸುತ್ತಾರೆ. ಕುಕ್ಕರ್ ಒತ್ತಡ ಹೆಚ್ಚಿಸಿ ತಾಪಮಾನ ಏರಿಸಿತು. ಇದು ಒತ್ತಡ ಇಳಿಸಿ ತಾಪಮಾನವನ್ನು ಕೆಳಗಿಟ್ಟಿತು. ಒಂದೇ ತತ್ವದ ಎರಡು ಬಳಕೆ.

ನಮ್ಮ ಜಿಲ್ಲೆಯ ಬಿದ್ರಿ ಕಲೆಯಲ್ಲೂ ಇದೇ ಹದವಿದೆ. ಸತು ಹೆಚ್ಚಾಗಿ, ತಾಮ್ರ ಸ್ವಲ್ಪವಾಗಿ ಇರುವ ಮಿಶ್ರಲೋಹದ ಮೇಲೆ ಬೆಳ್ಳಿಯನ್ನು ಕೂರಿಸಿದ ಮೇಲೆ, ಬೀದರ್ ಕೋಟೆಯ ಮಣ್ಣಿಗೆ ನವಸಾಗರ ಬೆರೆಸಿ ಹದವಾದ ಬಿಸಿಯೊಂದಿಗೆ ಹಚ್ಚುತ್ತಾರೆ. ಲೋಹ ಕಪ್ಪಾಗುತ್ತದೆ, ಬೆಳ್ಳಿ ಹೊಳೆಯುತ್ತಲೇ ಉಳಿಯುತ್ತದೆ. ನವಸಾಗರ ಎಂದರೆ ನೀವು ಲವಣ ವಿಶ್ಲೇಷಣೆಯಲ್ಲಿ ಬಳಸುವ ಅಮೋನಿಯಂ ಕ್ಲೋರೈಡ್. ಒಂದು ಲೋಹದೊಡನೆ ಕ್ರಿಯೆ, ಪಕ್ಕದ ಲೋಹದೊಡನೆ ಇಲ್ಲ. ಕುಶಲಕರ್ಮಿಯ ಕೈ ಆ ಹದವನ್ನು ಅನುಭವದಿಂದ ಬಲ್ಲದು.

ಮನೆಯಲ್ಲಿರುವ ಔಷಧಿ ಡಬ್ಬಿಯನ್ನೂ ಒಮ್ಮೆ ಓದಿ. ‘30 ಡಿಗ್ರಿ ಮೀರದಂತೆ ಇಡಿ’ ಎಂದು ಹಲವು ಮಾತ್ರೆಗಳ ಮೇಲೆ ಬರೆದಿರುತ್ತದೆ. ಇನ್ನೂ ತೆರೆಯದ ಇನ್ಸುಲಿನ್‌ಗೆ 2ರಿಂದ 8 ಡಿಗ್ರಿ ಬೇಕು. ಔಷಧ ಒಡೆಯುವುದೂ ರಾಸಾಯನಿಕ ಕ್ರಿಯೆಯೇ, ಅದಕ್ಕೂ ಅರ್ಹೇನಿಯಸ್ ಸಮೀಕರಣ ಅನ್ವಯಿಸುತ್ತದೆ. ಬೇಸಿಗೆಯಲ್ಲಿ ತಗಡಿನ ಚಾವಣಿಯ ಕೆಳಗೆ, ಬಿಸಿಲು ಬೀಳುವ ಕಿಟಕಿಯಲ್ಲಿ, ಬೈಕಿನ ಡಿಕ್ಕಿಯಲ್ಲಿ ಔಷಧ ಇಡಬೇಡಿ. ಮನೆಯ ಹಿರಿಯರಿಗೆ ಇದನ್ನು ಹೇಳುವುದು ನಿಮ್ಮ ಕೆಲಸ.

6. ಕಾರ್ಖಾನೆಯಲ್ಲಿ ಈ ಪಾಠ

ಹುಮನಾಬಾದಿನ ಕೈಗಾರಿಕಾ ಪ್ರದೇಶದಲ್ಲಿ ರಾಸಾಯನಿಕ ಘಟಕಗಳಿವೆ. ನಮ್ಮ ಹಳೆಯ ವಿದ್ಯಾರ್ಥಿಗಳಲ್ಲಿ ಕೆಲವರು ಅಂಥ ಕಡೆ ಕೆಲಸಕ್ಕೆ ಸೇರುತ್ತಾರೆ. ನಿಮ್ಮಲ್ಲೂ ಕೆಲವರು ಸೇರಬಹುದು. ಅವರಿಗಾಗಿ ಒಂದು ಸರಳ ಲೆಕ್ಕ.

ಒಂದು ಬಹಿರುಷ್ಣಕ ಕ್ರಿಯೆ 60 ಡಿಗ್ರಿಯಲ್ಲಿ ನಡೆಯುತ್ತಿದೆ. ಸುತ್ತ 20 ಡಿಗ್ರಿಯ ನೀರು ಹರಿದು ಶಾಖವನ್ನು ಹೊರತೆಗೆಯುತ್ತಿದೆ. ಹುಟ್ಟುವ ಶಾಖ, ಹೊರಹೋಗುವ ಶಾಖ ಸರಿಸಮ. ಏನೋ ಕಾರಣಕ್ಕೆ ಒಳಗಿನ ತಾಪಮಾನ 70ಕ್ಕೆ ಏರಿತು ಎಂದುಕೊಳ್ಳಿ. ಕ್ರಿಯೆಯ ವೇಗ ದುಪ್ಪಟ್ಟಾಯಿತು, ಹುಟ್ಟುವ ಶಾಖವೂ ದುಪ್ಪಟ್ಟು. ಹೊರಹೋಗುವ ಶಾಖ ಮಾತ್ರ ತಾಪಮಾನಗಳ ಅಂತರವನ್ನು ಅವಲಂಬಿಸಿದೆ. ಅಂತರ 40 ಇದ್ದದ್ದು 50 ಆಯಿತು, ಅಂದರೆ ಒಂದೂಕಾಲು ಪಟ್ಟು ಮಾತ್ರ. ಉಳಿದ ಶಾಖ ಒಳಗೇ ಸೇರುತ್ತದೆ, ತಾಪಮಾನ ಇನ್ನೂ ಏರುತ್ತದೆ, ವೇಗ ಮತ್ತೆ ಹೆಚ್ಚುತ್ತದೆ. ಇದನ್ನೇ ಕೈಮೀರಿದ ಕ್ರಿಯೆ ಎನ್ನುತ್ತಾರೆ. ಬೇಸಿಗೆಯಲ್ಲಿ ನೀರೇ 35 ಡಿಗ್ರಿ ಇದ್ದರೆ ಆರಂಭದ ಅಂತರವೇ 40ರ ಬದಲು 25. ತಂಪು ಮಾಡುವ ಶಕ್ತಿ ಶುರುವಿನಲ್ಲೇ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಕುಗ್ಗಿತು. ಕರೆಂಟು ಹೋಗಿ ಪಂಪು ನಿಂತರೆ ಏನಾಗುತ್ತದೆಂದು ನೀವೇ ಊಹಿಸಿ.

ಇದು ಕಾಗದದ ಮೇಲಿನ ಲೆಕ್ಕವಷ್ಟೇ ಅಲ್ಲ. 1984ರ ಡಿಸೆಂಬರ್ 2-3ರ ರಾತ್ರಿ ಭೋಪಾಲದ ಯೂನಿಯನ್ ಕಾರ್ಬೈಡ್ ಕಾರ್ಖಾನೆಯ 610ನೇ ಟ್ಯಾಂಕಿನಲ್ಲಿ ಸುಮಾರು 40 ಟನ್ ಮಿಥೈಲ್ ಐಸೊಸಯನೇಟ್ ಇತ್ತು. ಅದು ಸುಮಾರು 39 ಡಿಗ್ರಿಗೇ ಕುದಿಯುವ ದ್ರವ. ಸೊನ್ನೆಯ ಆಸುಪಾಸಿನಲ್ಲಿ ತಂಪಾಗಿ ಇಡಬೇಕಾದದ್ದು. ತಂಪುಗೊಳಿಸುವ ಯಂತ್ರವನ್ನು ತಿಂಗಳುಗಳ ಹಿಂದೆಯೇ ನಿಲ್ಲಿಸಲಾಗಿತ್ತು. ಟ್ಯಾಂಕಿನೊಳಗೆ ನೀರು ಸೇರಿತು, ಶಾಖ ಹುಟ್ಟಿತು, ಶಾಖ ಕ್ರಿಯೆಯನ್ನು ಇನ್ನಷ್ಟು ಓಡಿಸಿತು. ಮಲಗಿದ್ದ ಊರಿನ ಮೇಲೆ ವಿಷಾನಿಲ ಹರಡಿ ಸಾವಿರಾರು ಜನ ಸತ್ತರು.

2020ರ ಮೇ 7ರ ಬೆಳಗಿನ ಜಾವ ವಿಶಾಖಪಟ್ಟಣದಲ್ಲಿ ಟ್ಯಾಂಕಿನಲ್ಲಿದ್ದ ಸ್ಟೈರೀನ್ ತಾನೇ ಪಾಲಿಮರ್ ಆಗತೊಡಗಿ, ಬಿಸಿಯೇರಿ, ಆವಿಯಾಗಿ ಹೊರಬಂತು. 12 ಮಂದಿ ತೀರಿಕೊಂಡರು. ಟ್ಯಾಂಕಿನ ತಾಪಮಾನವನ್ನು ಅಳೆಯುತ್ತಿದ್ದುದು ತಳಭಾಗದಲ್ಲಿ. ಮೇಲಿನ ಭಾಗ ಅದಕ್ಕಿಂತ ಬಿಸಿಯಾಗಿತ್ತು. ಥರ್ಮಾಮೀಟರ್ ಹೇಳುವುದು ಅದು ಇರುವ ಜಾಗದ ತಾಪಮಾನವನ್ನು ಮಾತ್ರ ಎಂಬುದನ್ನು ಮರೆಯಬಾರದು.

ಆದ್ದರಿಂದ ಯಾವುದೇ ಘಟಕದಲ್ಲಿ ಕೆಲಸಕ್ಕೆ ಸೇರಿದ ಮೊದಲ ದಿನವೇ ನಾಲ್ಕು ಪ್ರಶ್ನೆ ಕೇಳಿ. ಈ ಕ್ರಿಯೆ ನಡೆಯಬೇಕಾದ ತಾಪಮಾನ ಎಷ್ಟು? ಯಾವ ತಾಪಮಾನ ದಾಟಿದರೆ ಅಪಾಯ? ಅಳೆಯುವ ಸಾಧನ ಎಲ್ಲಿದೆ? ತಂಪು ನಿಂತರೆ ಮೊದಲು ಏನು ಮಾಡಬೇಕು? ಕೇಳಲು ಸಂಕೋಚ ಬೇಡ. ಕಾಲೇಜಿನಲ್ಲಿ ಪ್ರಶ್ನೆ ಕೇಳದಿದ್ದರೆ ಎರಡು ಅಂಕ ಹೋಗುತ್ತದೆ. ಅಲ್ಲಿ ಕೇಳದಿದ್ದರೆ ಜೀವ ಹೋಗಬಹುದು, ನಿಮ್ಮದೂ ಪಕ್ಕದ ಓಣಿಯವರದೂ.

7. ಪರೀಕ್ಷೆಗೆ ಕುಳಿತಾಗ

ಲೆಕ್ಕ ಶುರು ಮಾಡುವ ಮೊದಲು ಪ್ರಶ್ನೆಯಲ್ಲಿರುವ ತಾಪಮಾನ ಮತ್ತು ಒತ್ತಡದ ಕೆಳಗೆ ಗೆರೆ ಎಳೆಯಿರಿ. ಸೆಲ್ಸಿಯಸ್ ಇದ್ದರೆ ಕೆಲ್ವಿನ್‌ಗೆ ಬದಲಿಸಿ. 20 ಡಿಗ್ರಿಯಿಂದ 40ಕ್ಕೆ ಹೋದರೆ ಟಿ ದುಪ್ಪಟ್ಟಾಗುವುದಿಲ್ಲ, 293ರಿಂದ 313 ಆಗುತ್ತದೆ ಅಷ್ಟೇ. ಆರ್‌ನ ಬೆಲೆಯನ್ನು ಒತ್ತಡದ ಏಕಮಾನಕ್ಕೆ ಹೊಂದಿಸಿ. ಡೆಲ್ಟಾ ಎಚ್ ಕಿಲೋಜೌಲಿನಲ್ಲೂ ಡೆಲ್ಟಾ ಎಸ್ ಜೌಲಿನಲ್ಲೂ ಇರುತ್ತವೆ, ಕಳೆಯುವ ಮೊದಲು ಒಂದೇ ಏಕಮಾನಕ್ಕೆ ತನ್ನಿ. ನರ್ನ್‌ಸ್ಟ್ ಸಮೀಕರಣದ 0.0591ರೊಳಗೆ 298 ಕೆಲ್ವಿನ್ ಅಡಗಿದೆ. ಬೇರೆ ತಾಪಮಾನ ಕೊಟ್ಟಿದ್ದರೆ 2.303 ಆರ್ ಟಿ ಭಾಗಿಸು ಎಫ್ ಎಂದು ಹೊಸದಾಗಿ ಲೆಕ್ಕ ಹಾಕಿ.

ಅಭ್ಯಾಸಕ್ಕಾಗಿ:

1) 27 ಡಿಗ್ರಿ, 0.94 ಬಾರ್ ಇರುವಾಗ ನಮ್ಮ ಪ್ರಯೋಗಾಲಯದಲ್ಲಿ 1 ಮೋಲ್ ಆದರ್ಶ ಅನಿಲದ ಗಾತ್ರ ಎಷ್ಟು?
2) 4.4 ಗ್ರಾಂ ಕಾರ್ಬನ್ ಡೈಆಕ್ಸೈಡ್ 0 ಡಿಗ್ರಿ, 1 ಬಾರ್‌ನಲ್ಲಿ ಎಷ್ಟು ಲೀಟರ್?
3) ಆಕ್ಟಿವೇಷನ್ ಎನರ್ಜಿ 80 ಕಿಲೋಜೌಲ್ ಇರುವ ಕ್ರಿಯೆಯನ್ನು 25ರಿಂದ 35 ಡಿಗ್ರಿಗೆ ಬಿಸಿ ಮಾಡಿದರೆ ವೇಗ ಎಷ್ಟು ಪಟ್ಟಾಗುತ್ತದೆ?
4) 40 ಡಿಗ್ರಿಯಲ್ಲಿ ನರ್ನ್‌ಸ್ಟ್ ಸಮೀಕರಣದ 0.0591ರ ಜಾಗದಲ್ಲಿ ಯಾವ ಸಂಖ್ಯೆ ಬರುತ್ತದೆ?

ಉತ್ತರಗಳು: 1) ಸುಮಾರು 26.5 ಲೀಟರ್. 2) 2.27 ಲೀಟರ್. 3) ಸುಮಾರು 2.85 ಪಟ್ಟು. 4) ಸುಮಾರು 0.0621.

ಉತ್ತರ ಹೊಂದದಿದ್ದರೆ ಬಿಡುವಿನ ವೇಳೆಯಲ್ಲಿ ಪ್ರಯೋಗಾಲಯಕ್ಕೆ ಬನ್ನಿ, ಕೂತು ಮಾಡೋಣ. ಬರುವಾಗ ಬಾಗಿಲ ಪಕ್ಕದ ಥರ್ಮಾಮೀಟರ್ ನೋಡಿ, ಅಂದಿನ ತಾಪಮಾನವನ್ನು ಪುಸ್ತಕದಲ್ಲಿ ಬರೆದುಕೊಂಡೇ ಒಳಗೆ ಬನ್ನಿ.